ತಾಪಮಾನದಿಂದ ನೀರಿನ ಆವಿ ಒತ್ತಡ: 32 ಡಿಗ್ರಿಯಲ್ಲಿ ಸರಿ ಬರ್ತದೆ, 20ರಲ್ಲಿ ಪೂರ್ತಿ ತಪ್ಪು

ಪಡುಬಿದ್ರಿ ಗೋಡೌನ್

ಗೊತ್ತಿದ್ದವರು ಸ್ವಲ್ಪ ನೋಡಿ ಹೇಳಿ.

ಚಾಲಿ (ಬಿಸಿಲಲ್ಲಿ ಒಣಗಿಸಿದ) ಅಡಿಕೆ ಇಡುವ ಗೋಡೌನ್. ಹಂಚಿನ ಮಾಡು, ಸಿಮೆಂಟ್ ನೆಲ, ಒಳ ಅಳತೆ 10 × 6 ಮೀಟರ್, ಎತ್ತರ ಸರಾಸರಿ 4 ಮೀಟರ್. ಎಕ್ಸಾಸ್ಟ್ ಫ್ಯಾನ್ ಒಂದುಂಟು, ಅದನ್ನು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ರಿಲೇ (ಸ್ವಿಚ್ಚು) ಚಾಲೂ ಮಾಡ್ತದೆ. ಈಗಿನ ನಿಯಮ ಸರಳ: ಹೊರಗಿನ ಸಾಪೇಕ್ಷ ಆರ್ದ್ರತೆ ಒಳಗಿನದ್ದಕ್ಕಿಂತ ಕಡಿಮೆ ಇದ್ದರೆ ಫ್ಯಾನ್ ಓಡಬೇಕು. ಹಾಗೆ ಮಾಡಿಯೂ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಕೆಳಗಿನ ಸಾಲಿನ ಗೋಣಿಚೀಲಗಳಿಗೆ ಬೂಸ್ಟು ಹಿಡಿಯುತ್ತದೆ. ಶೇಕಡಾ ಲೆಕ್ಕ ಬಿಟ್ಟು ಆವಿ ಒತ್ತಡವನ್ನೇ (ಗಾಳಿಯಲ್ಲಿರುವ ನೀರಾವಿಯ ಒತ್ತಡ) ಹೋಲಿಸಬೇಕು ಎಂದು ಓದಿದ ಮೇಲೆ ಸೂತ್ರ ಹಾಕಿದೆ.

ಹಾಕಿದ್ದು ಆಂಟೊಯ್ನ್ ಸೂತ್ರ. ಸ್ಥಿರಾಂಕಗಳು 8.07131, 1730.63, 233.426. ಬಂದ ಉತ್ತರ ಹೀಗೆ:

20 ಡಿಗ್ರಿಗೆ 3.46
30 ಡಿಗ್ರಿಗೆ 4.49
32 ಡಿಗ್ರಿಗೆ 4.72
40 ಡಿಗ್ರಿಗೆ 5.71

ಭೌತಶಾಸ್ತ್ರದ ಕೋಷ್ಟಕದಲ್ಲಿ ಕಿಲೋಪಾಸ್ಕಲ್ ಲೆಕ್ಕದಲ್ಲಿ ಕ್ರಮವಾಗಿ 2.34, 4.24, 4.76, 7.38 ಅಂತ ಉಂಟು. 32ಕ್ಕೆ ಸರಿಯೇ ಬಂತಲ್ಲ. 30ಕ್ಕೂ ಹತ್ತಿರ ಹತ್ತಿರ. ಹಾಗಾದರೆ 20ರಲ್ಲೂ 40ರಲ್ಲೂ ಯಾಕೆ ಇಷ್ಟು ವ್ಯತ್ಯಾಸ? ಸೂತ್ರ ನಮ್ಮ ಕರಾವಳಿಯ ಹವೆಗೆ ಹೊಂದುವುದಿಲ್ಲವೋ, ಅಥವಾ ಹವೆಯ ಒತ್ತಡವನ್ನೂ ಸೇರಿಸಬೇಕೋ?

ಸೆನ್ಸರ್ ವಿವರ: ಒಳಗಿನ ತಾಪಮಾನಕ್ಕೆ ಗೋಡೆಯ ಮೇಲೆ ಡಿಎಸ್18ಬಿ20. ಆರ್ದ್ರತೆಗೆ ಎಸ್‌ಎಚ್‌ಟಿ31, ಅದು ಬೋರ್ಡಿನ ಜೊತೆಗೇ ಪ್ಲಾಸ್ಟಿಕ್ ಡಬ್ಬಿಯೊಳಗೆ. ಹೊರಗೆ ಇನ್ನೊಂದು ಎಸ್‌ಎಚ್‌ಟಿ31, ಮಾಡಿನ ಸೂರಿನ ಕೆಳಗೆ.

ಮಾಪಕ ಮಣಿಪಾಲ

ಸೂತ್ರಕ್ಕೆ ಕರಾವಳಿ, ಘಟ್ಟ ಎಂಬ ಭೇದ ಇಲ್ಲ. ನೀರು ಮತ್ತು ಅದರ ಮೇಲಿನ ಆವಿ ಸಮತೋಲಕ್ಕೆ ಬಂದಾಗಿನ ಒತ್ತಡ, ಅಂದರೆ ಸಂತೃಪ್ತ ಒತ್ತಡ, ತಾಪಮಾನವೊಂದನ್ನೇ ಅವಲಂಬಿಸಿದೆ. ಸುತ್ತ ಗಾಳಿ ಇರುವುದರಿಂದ ಸಮುದ್ರ ಮಟ್ಟದಲ್ಲಿ ಶೇ. 0.4ರಷ್ಟು ಹೆಚ್ಚುತ್ತದೆ, ಅಷ್ಟೇ. ನಿಮ್ಮ ಕೆಲಸಕ್ಕೆ ಅದನ್ನು ಬಿಟ್ಟುಬಿಡಬಹುದು.

ನಿಮ್ಮಲ್ಲಿ ಆಗಿರುವುದು ಒಂದೇ ಸಾಲಿನಲ್ಲಿ ಎರಡು ತಪ್ಪು, ಮತ್ತು ಆ ಎರಡೂ ಸೇರಿ ಒಂದನ್ನೊಂದು ಮುಚ್ಚಿವೆ.

ನೀವು ಕೊಟ್ಟ ಮೂರು ಸ್ಥಿರಾಂಕಗಳು 10ರ ಆಧಾರದ ಲಾಗರಿದಮ್‌ಗೆ ಸೇರಿದವು, ಮತ್ತು ಅವು ಕೊಡುವ ಒತ್ತಡ ಪಾದರಸದ ಮಿಲಿಮೀಟರ್‌ನಲ್ಲಿ. 30 ಡಿಗ್ರಿಗೆ ಕೈಲೆಕ್ಕ ಮಾಡಿ ನೋಡಿ:

233.426 + 30 = 263.426
1730.63 ÷ 263.426 = 6.5697
8.07131 − 6.5697 = 1.5016

ಇಲ್ಲಿಂದ 10ರ ಘಾತ 1.5016 ತೆಗೆದರೆ 31.74 ಮಿಲಿಮೀಟರ್ ಪಾದರಸ. ಅದನ್ನು 0.133322ರಿಂದ ಗುಣಿಸಿದರೆ 4.23 ಕಿಲೋಪಾಸ್ಕಲ್. ಕೋಷ್ಟಕದ 4.24ಕ್ಕೆ ಸರಿಹೋಯಿತು.

ನೀವು 10ರ ಬದಲು ಇ ಸಂಖ್ಯೆಯ (2.718) ಘಾತ ತೆಗೆದಿದ್ದೀರಿ, ಮಿಲಿಮೀಟರನ್ನು ಕಿಲೋಪಾಸ್ಕಲ್‌ಗೆ ಬದಲಾಯಿಸಲೂ ಇಲ್ಲ. ಇ ಘಾತ 1.5016 ಎಂದರೆ 4.49. ಅದು ಕಿಲೋಪಾಸ್ಕಲ್ ಅಲ್ಲ, ಮಿಲಿಮೀಟರೂ ಅಲ್ಲ, ಅರ್ಥವೇ ಇಲ್ಲದ ಸಂಖ್ಯೆ. ಆದರೆ 31 ಮತ್ತು 32 ಡಿಗ್ರಿಯ ನಡುವೆ ಆ ತಪ್ಪು ಗೆರೆ ಕಿಲೋಪಾಸ್ಕಲ್‌ನ ಸರಿಯಾದ ಗೆರೆಯನ್ನು ದಾಟಿಹೋಗುತ್ತದೆ. ಮಂಗಳೂರು, ಉಡುಪಿಯಲ್ಲಿ ಹಗಲು ಹೊತ್ತಿನ ತಾಪಮಾನ ಹೆಚ್ಚಾಗಿ ಅದೇ ಜಾಗದಲ್ಲಿ ಇರುವುದರಿಂದ ಹಗಲು ಪರೀಕ್ಷಿಸಿದವರಿಗೆ ತಪ್ಪು ಕಾಣುವುದೇ ಇಲ್ಲ. ರಾತ್ರಿ 22 ಡಿಗ್ರಿಗೆ ಇಳಿದಾಗ, ಅಥವಾ ಡ್ರೈಯರ್‌ನಲ್ಲಿ 50 ದಾಟಿದಾಗ ಬಯಲಾಗುತ್ತದೆ. ಆದ್ದರಿಂದ ಯಾವ ಸೂತ್ರವನ್ನೇ ಆಗಲಿ ಒಂದೇ ಬಿಂದುವಿನಲ್ಲಿ ತಾಳೆ ನೋಡಬೇಡಿ. 0, 25, 60, ಈ ಮೂರಕ್ಕೆ ನೋಡಿ: 0.611, 3.17, 19.9 ಕಿಲೋಪಾಸ್ಕಲ್ ಬರಬೇಕು.

ಈ ಗೊಂದಲ ಹುಟ್ಟುವುದು ಹೆಸರುಗಳಿಂದ. ಎಕ್ಸೆಲ್‌ನಲ್ಲಿ ಲಾಗ್ ಎಂದು ಬರೆದರೆ 10ರ ಲಾಗ್, ಸ್ವಾಭಾವಿಕ ಲಾಗ್‌ಗೆ ಎಲ್‌ಎನ್. ಆರ್ಡುಯಿನೊ ಬಳಸುವ ಸಿ ಭಾಷೆಯಲ್ಲಿ ಲಾಗ್ ಎಂದರೆ ಸ್ವಾಭಾವಿಕ ಲಾಗ್, 10ರದ್ದು ಬೇಕಾದರೆ ಲಾಗ್10. ಎಕ್ಸೆಲ್‌ನಲ್ಲಿ ಸರಿ ಬಂದದ್ದನ್ನು ಬೋರ್ಡಿಗೆ ಇಳಿಸುವಾಗ ಎಡವುವುದು ಇಲ್ಲೇ.

ಗೋಡೌನಿಗೆ ನಾನು ಹೇಳುವುದಾದರೆ ಆಂಟೊಯ್ನ್ ಬೇಡ, ಟೆಟೆನ್ಸ್ ಸೂತ್ರ ಹಾಕಿ. ನೇರ ಕಿಲೋಪಾಸ್ಕಲ್‌ನಲ್ಲೇ ಬರುತ್ತದೆ, ಘಟಕ ಬದಲಾಯಿಸುವ ಕೆಲಸ ಇಲ್ಲ:

ಸಂತೃಪ್ತ ಒತ್ತಡ = 0.6108 × ಎಕ್ಸ್‌ಪ್( 17.27 × ತಾ ÷ (ತಾ + 237.3) )

ತಾ ಎಂದರೆ ಸೆಲ್ಸಿಯಸ್‌ನಲ್ಲಿ ತಾಪಮಾನ. ಇಲ್ಲಿ ಕೆಲ್ವಿನ್ ಹಾಕಬಾರದು. ಹಾಕಿದರೆ 30 ಡಿಗ್ರಿಗೆ ಸಾವಿರಗಟ್ಟಲೆ ಕಿಲೋಪಾಸ್ಕಲ್ ಬರುತ್ತದೆ, ಆಗ ತಪ್ಪು ಕೂಡಲೇ ಗೊತ್ತಾಗುತ್ತದೆ. ಈ ಎಕ್ಸ್‌ಪ್ ಮಾತ್ರ ನಿಜವಾಗಿಯೂ ಇ ಸಂಖ್ಯೆಯ ಘಾತ.

ಗಾಳಿಯಲ್ಲಿ ನಿಜಕ್ಕೂ ಇರುವ ಆವಿಯ ಒತ್ತಡ ಬೇಕಾದರೆ ಬಂದದ್ದನ್ನು ಆರ್ದ್ರತೆಯಿಂದ ಗುಣಿಸಿ 100ರಿಂದ ಭಾಗಿಸಿ. ಆರ್ದ್ರತೆಯನ್ನು ಪೂರ್ಣಾಂಕವಾಗಿ ಇಟ್ಟುಕೊಂಡು 78/100 ಎಂದು ಮೊದಲು ಭಾಗಿಸಿದರೆ ಸಿ ಭಾಷೆ 0 ಕೊಡುತ್ತದೆ. 100.0 ಎಂದು ಬರೆಯಿರಿ.

30 ಡಿಗ್ರಿ, ಶೇ. 78 ಇದ್ದರೆ: 4.243 × 0.78 = 3.31 ಕಿಲೋಪಾಸ್ಕಲ್.

ತೆಂಕಪೇಟೆ

ಟೆಟೆನ್ಸ್ 1930ರದ್ದು, ಹಳತು. 0.61094, 17.625, 243.04 ಇರುವ ಮ್ಯಾಗ್ನಸ್ ರೂಪ ಹೊಸದು, ಅದನ್ನೇ ಹಾಕುವುದು ಒಳ್ಳೆಯದಲ್ಲವೇ? ಇನ್ನೂ ನಿಖರ ಬೇಕಾದರೆ ಬಕ್ ಅವರ 1981ರ ಸೂತ್ರ ಉಂಟು.

ಮಾಪಕ ಮಣಿಪಾಲ

ಹಾಕಬಹುದು, ತಪ್ಪಿಲ್ಲ. ಆದರೆ 25 ಡಿಗ್ರಿಯಲ್ಲಿ ಟೆಟೆನ್ಸ್ ಕೊಡುವುದು 3.168, ನೀವು ಹೇಳಿದ ಮ್ಯಾಗ್ನಸ್ ರೂಪ 3.162, ನಿಜವಾದ ಬೆಲೆ 3.170. ಎಲ್ಲವೂ ಶೇ. 0.3ರೊಳಗೆ ಇವೆ. ಅದೇ 30 ಡಿಗ್ರಿಯ ಹತ್ತಿರ ತಾಪಮಾನದಲ್ಲಿ 1 ಡಿಗ್ರಿ ತಪ್ಪಿದರೆ ಸಂತೃಪ್ತ ಒತ್ತಡ ಶೇ. 5.7 ತಪ್ಪುತ್ತದೆ. ಡಿಎಸ್18ಬಿ20ಗೆ ತಯಾರಕರು ಹೇಳುವ ನಿಖರತೆಯೇ ಅರ್ಧ ಡಿಗ್ರಿ, ಅಂದರೆ ಸುಮಾರು ಶೇ. 3. ಆರ್ದ್ರತೆ 78 ಇರುವಲ್ಲಿ 2 ಅಂಕ ಹೆಚ್ಚುಕಡಿಮೆಯಾದರೆ ಮತ್ತೆ ಶೇ. 2.6. ಸೂತ್ರದ ಆಯ್ಕೆಗೆ ಇಲ್ಲಿ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಬರುವುದಿಲ್ಲ.

ಆಯ್ಕೆ ಮುಖ್ಯವಾಗುವುದು ತುದಿಗಳಲ್ಲಿ. 100 ಡಿಗ್ರಿಗೆ ಟೆಟೆನ್ಸ್ 102.2 ಕಿಲೋಪಾಸ್ಕಲ್ ಕೊಡುತ್ತದೆ, ಇರಬೇಕಾದದ್ದು 101.3. ನೀರು ಕುದಿಯುವ ಹತ್ತಿರದ ಲೆಕ್ಕಕ್ಕೆ ಆಂಟೊಯ್ನ್ ಉತ್ತಮ, 100ರಲ್ಲಿ ಅದು 760.1 ಮಿಲಿಮೀಟರ್ ಕೊಡುತ್ತದೆ.

ಪಠ್ಯಪುಸ್ತಕದ ಕ್ಲಾಸಿಯಸ್–ಕ್ಲಾಪೇರಾನ್ ಸಮೀಕರಣವನ್ನು ನೇರವಾಗಿ ಹಾಕುವವರೂ ಇದ್ದಾರೆ. ಆವಿಯಾಗುವ ಗುಪ್ತೋಷ್ಣವನ್ನು ಕಿಲೋಗೆ 2501 ಕಿಲೋಜೂಲ್ ಎಂದು ಸ್ಥಿರವಾಗಿಟ್ಟು 0 ಡಿಗ್ರಿಯಿಂದ ಹೊರಟರೆ 30 ಡಿಗ್ರಿಗೆ 4.35 ಬರುತ್ತದೆ, ಶೇ. 2.5 ಜಾಸ್ತಿ. ಕಾರಣ, ತಾಪಮಾನ ಏರಿದಂತೆ ಗುಪ್ತೋಷ್ಣ ಇಳಿಯುತ್ತದೆ, 30ರಲ್ಲಿ ಅದು ಸುಮಾರು 2430. ಮ್ಯಾಗ್ನಸ್ ಮಾದರಿಯ ಸೂತ್ರಗಳಲ್ಲಿ ಕೆಳಗೆ ಕೂಡಿಸುವ 237.3 ಅಥವಾ 243.04 ಈ ಇಳಿಕೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ. ಕೆಲ್ವಿನ್‌ನ 273.15 ಅಲ್ಲಿ ಇಲ್ಲದಿರುವುದು ಅಚ್ಚುತಪ್ಪಲ್ಲ. ತಿದ್ದಲು ಹೋಗಬೇಡಿ.

ಕಡಲಕರೆ

ಸೂತ್ರದ ವಿಷಯ ಮುಗಿಯಿತು, ಆದರೆ ಇದಕ್ಕಿಂತ ದೊಡ್ಡ ತಪ್ಪು ನಿಮ್ಮ ಪ್ರಶ್ನೆಯ ಕೊನೆಯ ಸಾಲಿನಲ್ಲಿ ಉಂಟು. ತಾಪಮಾನ ಒಂದು ಸೆನ್ಸರಿನದ್ದು, ಆರ್ದ್ರತೆ ಇನ್ನೊಂದರದ್ದು. ಹೀಗೆ ಬೆರೆಸಬಾರದು ಮಾರಾಯ್ರೆ.

ಇಎಸ್‌ಪಿ32 ವೈಫೈ ಹಾಕಿಕೊಂಡು ಓಡುವಾಗ ಬಿಸಿಯಾಗ್ತದೆ. ಮುಚ್ಚಿದ ಡಬ್ಬಿಯೊಳಗೆ 3 ಡಿಗ್ರಿ ಏರುವುದು ದೊಡ್ಡ ಸಂಗತಿ ಅಲ್ಲ. ಈಗ ಕೋಣೆಯ ಗಾಳಿ ನಿಜವಾಗಿ 28 ಡಿಗ್ರಿ, ಶೇ. 80 ಅಂತ ಇಟ್ಟುಕೊಳ್ಳಿ. ಆವಿ ಒತ್ತಡ 3.780 × 0.80 = 3.02. ಡಬ್ಬಿಯೊಳಗಿನ ಗಾಳಿ 31 ಡಿಗ್ರಿ ಇದ್ದರೆ ಅಲ್ಲಿನ ಆರ್ದ್ರತೆ 3.02 ÷ 4.493, ಅಂದರೆ ಶೇ. 67. ಸೆನ್ಸರ್ 67 ಅಂತ ತೋರಿಸಿದರೆ ಅದು ಸುಳ್ಳು ಹೇಳಿದ್ದಲ್ಲ, ತಾನಿರುವ ಜಾಗದ ಸತ್ಯ ಹೇಳಿದೆ.

ಆ 67ನ್ನು ಅದೇ ಸೆನ್ಸರಿನ 31 ಡಿಗ್ರಿಯ ಜೊತೆ ಸೇರಿಸಿ ಲೆಕ್ಕ ಹಾಕಿದರೆ ಮತ್ತೆ 3.02 ಸಿಗ್ತದೆ, ಉತ್ತರ ಸರಿ. ಗೋಡೆಯ 28 ಡಿಗ್ರಿಯ ಜೊತೆ ಸೇರಿಸಿದರೆ 2.54, ಶೇ. 16 ಕಡಿಮೆ! ಫ್ಯಾನ್ ಓಡಿಸಬೇಕೋ ಬೇಡವೋ ಎಂಬ ತೀರ್ಮಾನವೇ ತಿರುಗಿ ಬೀಳ್ತದೆ.

ಎಸ್‌ಎಚ್‌ಟಿ31 ತಾಪಮಾನವನ್ನೂ ಅಳೆಯುತ್ತದೆ. ಎರಡನ್ನೂ ಅದರಿಂದಲೇ ತೆಗೆದುಕೊಳ್ಳಿ. ಆವಿ ಒತ್ತಡ ಲೆಕ್ಕ ಹಾಕಿದ ಮೇಲೆ, ಚೀಲದ ಹತ್ತಿರದ ಆರ್ದ್ರತೆ ಎಷ್ಟು ಅಂತ ಬೇಕಾದರೆ ಆಗ ಡಿಎಸ್18ಬಿ20 ಉಪಯೋಗಕ್ಕೆ ಬರ್ತದೆ: ಆವಿ ಒತ್ತಡವನ್ನು ಚೀಲದ ಮೈ ತಾಪಮಾನದ ಸಂತೃಪ್ತ ಒತ್ತಡದಿಂದ ಭಾಗಿಸಿ. ಅದನ್ನು ಗೋಡೆಯಿಂದ ತೆಗೆದು ಕೆಳಗಿನ ಸಾಲಿನ ಎರಡು ಚೀಲಗಳ ನಡುವೆ ತೂರಿಸಿ ಇಡಿ. ಒಳಗಿನ ಎಸ್‌ಎಚ್‌ಟಿ31 ಅನ್ನು ಡಬ್ಬಿಯಿಂದ ಹೊರಗೆ, ಒಂದಡಿ ವೈರಿನ ತುದಿಯಲ್ಲಿ ನೇತು ಹಾಕಿ. ಐ2ಸಿ (ಸೆನ್ಸರಿನಿಂದ ಬೋರ್ಡಿಗೆ ಡೇಟಾ ಒಯ್ಯುವ) ವೈರ್ ಒಂದು ಮೀಟರಿಗಿಂತ ಉದ್ದ ಮಾಡಬೇಡಿ, ಡೇಟಾ ಕಡಿದು ಹೋಗ್ತದೆ.

ಈಗ ಫ್ಯಾನಿನ ನಿಯಮ. ಆಟಿಯಲ್ಲಿ ಮಳೆ ಹೊಳವಾಗಿ ಬಿಸಿಲು ಬಿದ್ದ ಒಂದು ಮಧ್ಯಾಹ್ನ ತೆಗೆದುಕೊಳ್ಳಿ.

ಹೊರಗೆ 30 ಡಿಗ್ರಿ, ಶೇ. 76: ಆವಿ ಒತ್ತಡ 3.22
ಒಳಗೆ 27 ಡಿಗ್ರಿ, ಶೇ. 84: ಆವಿ ಒತ್ತಡ 2.99

ನಿಮ್ಮ ಈಗಿನ ನಿಯಮ 76 ಕಡಿಮೆ ಎಂದು ಫ್ಯಾನ್ ಹಾಕ್ತದೆ. ಆದರೆ ಬರುವ ಗಾಳಿಯಲ್ಲಿ ನೀರು ಜಾಸ್ತಿ. ಅದು ಒಳಗೆ ಬಂದು 27 ಡಿಗ್ರಿಗೆ ತಣಿದರೆ 3.22 ÷ 3.565, ಅಂದರೆ ಶೇ. 90 ದಾಟ್ತದೆ. ಗೋಡೌನನ್ನು ಒಣಗಿಸುವ ಬದಲು ನೀವೇ ನೀರು ಕುಡಿಸಿದ ಹಾಗಾಯ್ತು. ಆಟಿಯಲ್ಲಿ ಬೂಸ್ಟು ಹಿಡಿಯುವುದಕ್ಕೆ ಈ ಬಿಸಿಲಿನ ಹೊತ್ತಿನ ಫ್ಯಾನೇ ಮುಖ್ಯ ಕಾರಣ ಅಂತ ನನ್ನ ಲೆಕ್ಕ.

ಜನವರಿಯ ಬೆಳಗಿನ ಜಾವ ಇದಕ್ಕೆ ಉಲ್ಟಾ. ಹೊರಗೆ 21 ಡಿಗ್ರಿ, ಶೇ. 85 ಇದ್ದರೆ 2.11. ಒಳಗೆ 28 ಡಿಗ್ರಿ, ಶೇ. 68 ಇದ್ದರೆ 2.57. ಶೇಕಡಾ ನೋಡುವ ನಿಯಮ ಬಾಗಿಲು ಮುಚ್ಚು ಅನ್ನುತ್ತದೆ, ಆದರೆ ತೆರೆಯಬೇಕಾದ ಹೊತ್ತು ಅದೇ. ಹೊರಗಿನ ಆ ಗಾಳಿ ಒಳಗೆ ಬಂದು 28ಕ್ಕೆ ಬಿಸಿಯಾದರೆ ಶೇ. 56ಕ್ಕೆ ಇಳಿಯುತ್ತದೆ. ಇಬ್ಬನಿ ಬಿದ್ದ ಬೆಳಿಗ್ಗೆ ಕಿಟಕಿ ತೆರೆಯಲು ಯಾರಿಗೂ ಮನಸ್ಸು ಬರುವುದಿಲ್ಲ, ಆದರೆ ಲೆಕ್ಕ ಹೇಳುವುದು ಹಾಗೆ.

ಪಡುಬಿದ್ರಿ ಗೋಡೌನ್

ತುಂಬಾ ಉಪಕಾರ ಆಯ್ತು. ಟೆಟೆನ್ಸ್ ಹಾಕಿದೆ. 0, 25, 60ಕ್ಕೆ 0.611, 3.168, 19.93 ಬಂತು. ಎರಡೂ ಅಳತೆ ಒಂದೇ ಸೆನ್ಸರಿನಿಂದ ತೆಗೆಯುವ ಹಾಗೆ ಬದಲಾಯಿಸಿದೆ.

ಇನ್ನು ಮೂರು ಸಂಶಯ. ಒಂದು, ಒಳಗಿನದ್ದು ಹೊರಗಿನದ್ದು ಎಷ್ಟು ವ್ಯತ್ಯಾಸ ಇದ್ದರೆ ಫ್ಯಾನ್ ಹಾಕಬೇಕು? 0.01 ಇದ್ದರೂ ಸಾಕೇ? ಎರಡು, ನೆಲ ಬೆವರುವುದನ್ನು ಇದರಿಂದಲೇ ಮೊದಲೇ ತಿಳಿಯಬಹುದೇ? ಮೂರು, ಸೆನ್ಸರ್ ಸರಿ ಉಂಟೋ ಅಂತ ಪರೀಕ್ಷಿಸಲು ಪ್ರಯೋಗಶಾಲೆಗೆ ಕೊಡಬೇಕೇ?

ಮಾಪಕ ಮಣಿಪಾಲ

ಎರಡನೆಯದರಿಂದ ಶುರು ಮಾಡುತ್ತೇನೆ. ಇಬ್ಬನಿ ಬಿಂದು, ಅಂದರೆ ಗಾಳಿಯ ಆವಿ ನೀರಾಗಲು ತೊಡಗುವ ತಾಪಮಾನ, ಲೆಕ್ಕ ಹಾಕಿ. ಅದು ಟೆಟೆನ್ಸ್ ಸೂತ್ರವನ್ನೇ ತಿರುಗಿಸಿದ್ದು:

ಕ = ಸ್ವಾಭಾವಿಕ ಲಾಗ್( ಆವಿ ಒತ್ತಡ ÷ 0.6108 )
ಇಬ್ಬನಿ ಬಿಂದು = 237.3 × ಕ ÷ (17.27 − ಕ)

ಮೇಲಿನ 3.31 ಕಿಲೋಪಾಸ್ಕಲ್‌ಗೆ ಕ = 1.690, ಇಬ್ಬನಿ ಬಿಂದು 25.7 ಡಿಗ್ರಿ. ನೆಲದ ತಾಪಮಾನ ಅದಕ್ಕಿಂತ ಕೆಳಗಿದ್ದರೆ ಬೆವರುತ್ತದೆ. ಗಾಳಿ 30 ಡಿಗ್ರಿ ಇದ್ದಾಗಲೂ ರಾತ್ರಿಯಿಡೀ ಮಳೆ ಬಿದ್ದ ಮೇಲೆ ಸಿಮೆಂಟ್ ನೆಲ 25ರಲ್ಲಿ ಇರುವುದು ಸಾಧ್ಯ.

ಆದರೆ ಬೆವರು ಕಾಣುವ ತನಕ ಕಾಯಬೇಡಿ. ಬೂಸ್ಟಿಗೆ ದ್ರವ ನೀರು ಬೇಡ. ಮೇಲ್ಮೈಯ ಆರ್ದ್ರತೆ ಶೇ. 80 ದಾಟಿ ಹಾಗೇ ನಿಂತರೆ ಸಾಕು. ಅದೇ 3.31 ಒತ್ತಡದ ಗಾಳಿ 26.5 ಡಿಗ್ರಿಯ ಚೀಲಕ್ಕೆ ತಾಗಿದರೆ 3.31 ÷ 3.462, ಅಂದರೆ ಶೇ. 96. ನೆಲ ಒಣಗಿಯೇ ಕಾಣುತ್ತದೆ, ಕೋಣೆಯ ಮೀಟರ್ 78 ತೋರಿಸುತ್ತದೆ, ಕೆಳಗಿನ ಸಾಲು ಮಾತ್ರ ಕೆಡುತ್ತದೆ. ಕೆಳಗಿನ ಸಾಲಿಗೇ ಯಾಕೆ ಎಂಬುದಕ್ಕೆ ಇದು ಉತ್ತರ. ಚೀಲಗಳನ್ನು ಮರದ ಹಲಗೆಯ ಮೇಲೆ ನೆಲದಿಂದ 15 ಸೆಂಟಿಮೀಟರ್, ಗೋಡೆಯಿಂದ ಒಂದಡಿ ದೂರ ಇಟ್ಟರೆ ಚೀಲದ ತಾಪಮಾನ ಗಾಳಿಯ ತಾಪಮಾನಕ್ಕೆ ಹತ್ತಿರ ಬರುತ್ತದೆ. ಅಷ್ಟರಿಂದಲೇ ಅರ್ಧ ಸಮಸ್ಯೆ ತಗ್ಗುತ್ತದೆ.

ವ್ಯತ್ಯಾಸದ ಅಂಚು: ಎಸ್‌ಎಚ್‌ಟಿ31ಗೆ ಆರ್ದ್ರತೆಯಲ್ಲಿ 2 ಅಂಕ, ತಾಪಮಾನದಲ್ಲಿ 0.2 ಡಿಗ್ರಿ ಎಂದು ಹಿಡಿಯಿರಿ. 3 ಕಿಲೋಪಾಸ್ಕಲ್ ಸುಮಾರಿಗೆ ಒಂದು ಸೆನ್ಸರಿನ ಅನಿಶ್ಚಿತತೆ 0.08ರಷ್ಟು, ಎರಡು ಸೆನ್ಸರುಗಳ ವ್ಯತ್ಯಾಸದಲ್ಲಿ 0.12. ಅದಕ್ಕಿಂತ ಕಡಿಮೆ ವ್ಯತ್ಯಾಸವನ್ನು ನಂಬಿ ಫ್ಯಾನ್ ಓಡಿಸುವುದರಲ್ಲಿ ಅರ್ಥ ಇಲ್ಲ. 0.15 ದಾಟಿದರೆ ಚಾಲೂ, 0.05ಕ್ಕೆ ಇಳಿದರೆ ಬಂದ್, ಒಮ್ಮೆ ಚಾಲೂ ಆದರೆ ಕನಿಷ್ಠ 20 ನಿಮಿಷ ಓಡಲಿ. ಒಂದೇ ಅಂಕೆಯಲ್ಲಿ ಚಾಲೂ–ಬಂದ್ ಎರಡನ್ನೂ ಇಟ್ಟರೆ ರಿಲೇ ಟಕಟಕ ಹೊಡೆದುಕೊಂಡು ಬೇಗ ಹಾಳಾಗುತ್ತದೆ.

ದಿನದ ಸರಾಸರಿ ದಾಖಲೆ ಇಡುವುದಾದರೆ ಒಂದು ಎಚ್ಚರ. ತಾಪಮಾನದ ಸರಾಸರಿ ತೆಗೆದು ಆಮೇಲೆ ಸೂತ್ರ ಹಾಕಬೇಡಿ. 24 ಮತ್ತು 33ರ ಸರಾಸರಿ 28.5, ಅದಕ್ಕೆ ಸಂತೃಪ್ತ ಒತ್ತಡ 3.89. ಆದರೆ 24ರ 2.98 ಮತ್ತು 33ರ 5.03, ಇವುಗಳ ಸರಾಸರಿ 4.01. ಗೆರೆ ಮೇಲಕ್ಕೆ ಬಾಗಿರುವುದರಿಂದ ಮೊದಲಿನ ಕ್ರಮ ಯಾವಾಗಲೂ ಕಡಿಮೆಯೇ ಕೊಡುತ್ತದೆ. ಪ್ರತಿ ಅಳತೆಗೂ ಒತ್ತಡ ಲೆಕ್ಕ ಹಾಕಿ, ಸರಾಸರಿ ಆಮೇಲೆ.

ತೆಂಕಪೇಟೆ

ಸೆನ್ಸರ್ ಪರೀಕ್ಷೆಗೆ ಪ್ರಯೋಗಶಾಲೆ ಬೇಡ, ಉಪ್ಪು ಸಾಕು. ಗಾಳಿಯಾಡದ ಡಬ್ಬಿಯಲ್ಲಿ ಸಣ್ಣ ಬಟ್ಟಲು ಇಟ್ಟು ಎರಡು ಮೂರು ಚಮಚ ಪುಡಿ ಉಪ್ಪು ಹಾಕಿ, ಹನಿ ಹನಿ ನೀರು ಬಿಟ್ಟು ಇಡ್ಲಿ ಹಿಟ್ಟಿಗಿಂತ ಗಟ್ಟಿ ಮುದ್ದೆ ಮಾಡಿ. ಕರಗದ ಉಪ್ಪು ಕಾಣುತ್ತಲೇ ಇರಬೇಕು, ನೀರು ಮೇಲೆ ನಿಲ್ಲಬಾರದು. ಸೆನ್ಸರನ್ನು ಉಪ್ಪಿಗೆ ತಾಗದ ಹಾಗೆ ನೇತು ಹಾಕಿ ಮುಚ್ಚಳ ಮುಚ್ಚಿ, ವೈರ್ ಬರುವ ತೂತಿಗೆ ಮೇಣ ಮೆತ್ತಿ. 12 ಗಂಟೆ ಬಿಡಿ. 25ರಿಂದ 30 ಡಿಗ್ರಿಯ ನಡುವೆ ಡಬ್ಬಿಯೊಳಗೆ ಶೇ. 75 ನಿಲ್ಲುತ್ತದೆ. ಸೆನ್ಸರ್ 79 ತೋರಿಸಿದರೆ 4 ಕಳೆಯಿರಿ.

ಇಲ್ಲಿ ಎಡವುವ ಜಾಗ ಎರಡು. ಕಲ್ಲುಪ್ಪು ಹಾಕಬೇಡಿ. ಅದರಲ್ಲಿ ಮೆಗ್ನೀಸಿಯಂ ಲವಣ ಉಳಿದಿರುತ್ತದೆ, ಆರ್ದ್ರತೆ 75ಕ್ಕಿಂತ ಕೆಳಗೆ ಇಳಿದುಬಿಡುತ್ತದೆ. ಇನ್ನೊಂದು, ಡಬ್ಬಿಯ ಒಂದು ಬದಿಗೆ ಬಿಸಿಲು ಬಿದ್ದರೆ ಉಪ್ಪಿನ ತಾಪಮಾನವೂ ಸೆನ್ಸರಿನ ತಾಪಮಾನವೂ ಬೇರೆಯಾಗುತ್ತವೆ. 1 ಡಿಗ್ರಿ ಬೇರೆಯಾದರೆ ಓದು 4 ಅಂಕ ಜಾರುತ್ತದೆ. ಕಪಾಟಿನೊಳಗೆ ಇಡಿ. ಒಳಗಿನದ್ದು, ಹೊರಗಿನದ್ದು ಎರಡೂ ಸೆನ್ಸರನ್ನು ಒಂದೇ ಡಬ್ಬಿಯಲ್ಲಿ ಒಟ್ಟಿಗೆ ಇಡುವುದು ಇನ್ನೂ ಒಳ್ಳೆಯದು. ನಿಮಗೆ ಬೇಕಿರುವುದು ಎರಡರ ನಡುವಿನ ವ್ಯತ್ಯಾಸ ತಾನೇ.

ಹೊರಗಿನ ಸೆನ್ಸರಿಗೆ ನಮ್ಮ ಊರಿನಲ್ಲಿ ಬೇರೆ ಕಾಟ ಉಂಟು. ಪಡುಬಿದ್ರಿ ಸಮುದ್ರದ ಬಗಲಲ್ಲೇ ಇದೆ. ಕಡಲ ಗಾಳಿಯ ಉಪ್ಪು ಫಿಲ್ಟರಿನ ಮೇಲೆ ಕೂತರೆ, ಶೇ. 75 ದಾಟಿದ ಕೂಡಲೇ ಅದೇ ನೀರು ಹೀರಿ ಕರಗುತ್ತದೆ, ಸೆನ್ಸರ್ ಗಾಳಿಯ ಬದಲು ಆ ಹನಿಯನ್ನು ಅಳೆಯುತ್ತದೆ. ಬಿಳಿ ಫಿಲ್ಟರ್ ಟೊಪ್ಪಿ ಇರುವ ಮಾದರಿ ತಕ್ಕೊಳ್ಳಿ, ತಿಂಗಳಿಗೊಮ್ಮೆ ಟೊಪ್ಪಿ ಬಿಚ್ಚಿ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು ಒಣಗಿಸಿ. ಜಡಿಮಳೆಯಲ್ಲಿ 100ಕ್ಕೆ ಅಂಟಿಕೊಂಡು ಗಂಟೆಗಟ್ಟಲೆ ಕೆಳಗೆ ಬರದಿದ್ದರೆ, ಎಸ್‌ಎಚ್‌ಟಿ31 ಒಳಗೇ ಒಂದು ಚಿಕ್ಕ ಹೀಟರ್ ಉಂಟು, ಅದನ್ನು ಒಂದು ನಿಮಿಷ ಹಾಕಿ ಬಿಡಿ. ಹೀಟರ್ ಇರುವಾಗಿನ ಮತ್ತು ಆಮೇಲಿನ ಐದು ನಿಮಿಷದ ಓದುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಎಲೆಕ್ಟ್ರಾನಿಕ್ಸ್ ಮೇಲೆ ನಂಬಿಕೆ ಸಾಲದಿದ್ದರೆ ಎರಡು ಸಾದಾ ಥರ್ಮಾಮೀಟರ್ ಸಾಕು. ಒಂದರ ಬುಡಕ್ಕೆ ಹತ್ತಿಯ ಬತ್ತಿ ಸುತ್ತಿ ನೀರಿನಲ್ಲಿ ಅದ್ದಿ, ಟೇಬಲ್ ಫ್ಯಾನಿನ ಎದುರು ಐದು ನಿಮಿಷ ಇಡಿ.

ಆವಿ ಒತ್ತಡ = ಒದ್ದೆ ತಾಪಮಾನದ ಸಂತೃಪ್ತ ಒತ್ತಡ − 0.067 × (ಒಣ ತಾಪಮಾನ − ಒದ್ದೆ ತಾಪಮಾನ)

ಒಣ 31, ಒದ್ದೆ 27.5 ಇದ್ದರೆ 3.671 − 0.235 = 3.44, ಶೇ. 76. ಫ್ಯಾನ್ ಹಾಕದೆ ನಿಂತ ಗಾಳಿಯಲ್ಲಿ ಅಳೆದರೆ 0.067ರ ಬದಲು 0.12 ಬೇಕಾಗುತ್ತದೆ. ಅದೇ ಓದುಗಳಿಗೆ ಆಗ 3.25 ಬರುತ್ತದೆ. ಫ್ಯಾನ್ ಇಲ್ಲದೆ ಅಳೆದು 0.067 ಹಾಕುವುದು ಬಹಳ ಮಂದಿ ಮಾಡುವ ತಪ್ಪು. ಬತ್ತಿ ಕೊಳೆಯಾದರೂ ಒದ್ದೆ ತಾಪಮಾನ ಏರಿ ಆರ್ದ್ರತೆ ಜಾಸ್ತಿ ತೋರಿಸುತ್ತದೆ.

ಪಡುಬಿದ್ರಿ ಗೋಡೌನ್

ಆಟಿಯಲ್ಲಿ ಹೊರಗಿನ ಒತ್ತಡ ಒಳಗಿನದ್ದಕ್ಕಿಂತ 0.15 ಕಡಿಮೆ ಆಗುವುದೇ ಇಲ್ಲದಿದ್ದರೆ? ವಾರಗಟ್ಟಲೆ ಫ್ಯಾನ್ ಬಂದ್ ಇಟ್ಟರೆ ಮುಗ್ಗಲು ವಾಸನೆ ಬರ್ತದಲ್ಲ. 200 ವ್ಯಾಟಿನ ಬಲ್ಬ್ ನಾಲ್ಕು ಉರಿಸಿದರೆ ಒಣಗ್ತದೋ?

ಕಡಲಕರೆ

ಬಲ್ಬ್ ಉರಿಸಿದರೆ ನೀರು ಎಲ್ಲಿಗೂ ಹೋಗುವುದಿಲ್ಲ, ಆವಿ ಒತ್ತಡ ಅಷ್ಟೇ ಇರ್ತದೆ. ಆದರೆ ಸಂತೃಪ್ತ ಒತ್ತಡ ಏರುವುದರಿಂದ ಶೇಕಡಾ ಇಳಿಯುತ್ತದೆ. 27 ಡಿಗ್ರಿಯಲ್ಲಿ ಶೇ. 84 ಇದ್ದದ್ದು 30ಕ್ಕೆ ಏರಿದರೆ 2.99 ÷ 4.243, ಶೇ. 70 ಚಿಲ್ಲರೆ. ಬೂಸ್ಟಿನ ಅಂಚಿನಿಂದ ಕೆಳಗೆ ಬಂದ ಹಾಗಾಯ್ತು, ಅಷ್ಟು ದಿನ ಕಾಪಾಡ್ತದೆ. ಒಂದು ಸಂಗತಿ ಮೊದಲೇ ತಿಳಿದಿರಲಿ: ಬಿಸಿಯಾದ ಕೂಡಲೇ ಗೋಣಿಯೂ ಅಡಿಕೆಯೂ ತಾವು ಹೀರಿಕೊಂಡ ನೀರು ಬಿಡ್ತವೆ, ಹಾಗಾಗಿ ಲೆಕ್ಕದಲ್ಲಿ ಆವಿ ಒತ್ತಡ 3.2, 3.3 ಅಂತ ಏರುವುದು ಕಾಣ್ತದೆ. ಸೆನ್ಸರ್ ಕೆಟ್ಟಿತು ಅಂದುಕೊಳ್ಳಬೇಡಿ. ಒಳಗಿನದ್ದು ಏರಿ ಹೊರಗಿನದ್ದಕ್ಕಿಂತ 0.15 ಮೇಲೆ ಹೋದರೆ ನಿಮ್ಮ ಹೊಸ ನಿಯಮ ತಾನಾಗಿ ಫ್ಯಾನ್ ಹಾಕ್ತದೆ, ಆ ನೀರು ಹೊರಗೆ ಹೋಗ್ತದೆ. ಬಿಸಿ ಮತ್ತು ಫ್ಯಾನ್ ಈ ಕ್ರಮದಲ್ಲಿ ಸೇರಿದರೆ ಮಾತ್ರ ಒಣಗುವುದು.

ಡ್ರೈಯರ್‌ನ ತತ್ವವೂ ಇದೇ. ಹೊರಗೆ ಧೋ ಎಂದು ಮಳೆ, 26 ಡಿಗ್ರಿ, ಶೇ. 95, ಒತ್ತಡ 3.19. ಆ ಗಾಳಿಯನ್ನು 60 ಡಿಗ್ರಿಗೆ ಕಾಯಿಸಿದರೆ 3.19 ÷ 19.93, ಶೇ. 16. ಅದು ಒಳಗೆ ನೀರು ಹೀರಿ 40 ಡಿಗ್ರಿ, ಶೇ. 60ಕ್ಕೆ ಬಂದು ಹೊರಬಿದ್ದರೆ ಒಂದು ಕಿಲೋ ಗಾಳಿಗೆ ಸುಮಾರು 8 ಗ್ರಾಂ ನೀರು ಹೊತ್ತೊಯ್ಯುತ್ತದೆ. ಒಂದು ಲೀಟರ್ ನೀರಿಗೆ 120 ಕಿಲೋಕ್ಕೂ ಹೆಚ್ಚು ಗಾಳಿ ಬೇಕು ಅಂತ ಆಯ್ತು. ಹೊರಹೋಗುವ ತೂತು ಚಿಕ್ಕದು ಮಾಡಿ ಬಿಸಿ ಉಳಿಸಲು ಹೋದರೆ ಒಣಗುವುದೇ ನಿಲ್ಲುತ್ತದೆ.

ಇನ್ನು ಡಿಹ್ಯೂಮಿಡಿಫೈಯರ್ ತರುವ ಯೋಚನೆ ಇದ್ದರೆ ಮೊದಲು ಗಾಳಿಯಲ್ಲಿ ನೀರೆಷ್ಟು ಅಂತ ನೋಡಿ. ಘನ ಮೀಟರಿಗೆ ಗ್ರಾಂ ಬೇಕಾದರೆ ಕಿಲೋಪಾಸ್ಕಲ್ ಅನ್ನು 2166.7ರಿಂದ ಗುಣಿಸಿ ಕೆಲ್ವಿನ್ ತಾಪಮಾನದಿಂದ ಭಾಗಿಸಿ. ಈ ಒಂದು ಲೆಕ್ಕದಲ್ಲಿ ಮಾತ್ರ ಕೆಲ್ವಿನ್. 3.31 × 2166.7 ÷ 303.15 = 23.7 ಗ್ರಾಂ. ನಿಮ್ಮ 240 ಘನ ಮೀಟರಿನಲ್ಲಿ ಒಟ್ಟು 5.7 ಲೀಟರ್. ಇದು ಕೇಳಲು ಸಣ್ಣದು, ದಿನಕ್ಕೆ 20 ಲೀಟರ್ ತೆಗೆಯುವ ಯಂತ್ರ ಸಾಕು ಅನ್ನಿಸ್ತದೆ. ಆದರೆ ಹಂಚಿನ ಮಾಡಿನ ಸಂದಿಯಲ್ಲಿ ಗಾಳಿ ಒಂದೇ ಸಮ ಓಡಾಡ್ತದೆ. ಒಳಗನ್ನು 30 ಡಿಗ್ರಿಯಲ್ಲಿ ಶೇ. 65ಕ್ಕೆ ತಂದು ನಿಲ್ಲಿಸಬೇಕಾದರೆ ಒತ್ತಡ 2.76 ಇರಬೇಕು, ಹೊರಗೆ 3.2. ಆ 0.44ರ ಅಂತರಕ್ಕೆ ಪ್ರತಿ ಘನ ಮೀಟರಿನಲ್ಲಿ 3 ಗ್ರಾಂ ಚಿಲ್ಲರೆ ನೀರು. ಗಂಟೆಗೆ ಎರಡು ಸಲ ಗಾಳಿ ಬದಲಾದರೂ ದಿನಕ್ಕೆ 36 ಲೀಟರ್ ಬರೇ ಸಂದಿಯಿಂದಲೇ ಒಳಗೆ ಬರ್ತದೆ, ಯಂತ್ರ ರಾತ್ರಿ ಹಗಲು ಓಡಿಯೂ ಸೋಲ್ತದೆ. ಮೊದಲು ಮಾಡಿನ ಕೆಳಗೆ ದಪ್ಪ ಟರ್ಪಾಲು ಬಿಗಿದು, ಅಂಚುಗಳನ್ನು ಗೋಡೆಗೆ ಪಟ್ಟಿ ಹೊಡೆದು ಮುಚ್ಚಿ. ಎಕ್ಸಾಸ್ಟ್ ಫ್ಯಾನಿಗೆ ನಿಂತಾಗ ತಾನಾಗಿ ಮುಚ್ಚಿಕೊಳ್ಳುವ ರೆಕ್ಕೆಯ ಶಟರ್ ಹಾಕಿ. ಯಂತ್ರದ ಮಾತು ಆಮೇಲೆ.

ಮಾಡಿಗೂ ಟರ್ಪಾಲಿಗೂ ನಡುವೆ ಅರ್ಧ ಅಡಿ ಜಾಗ ಬಿಡಿ, ಆ ಜಾಗದ ಎರಡು ತುದಿಯೂ ತೆರೆದಿರಲಿ. ಇಲ್ಲದಿದ್ದರೆ ಹಂಚಿನಿಂದ ತೊಟ್ಟಿಕ್ಕಿದ ನೀರು ಟರ್ಪಾಲಿನ ಹೊಂಡದಲ್ಲಿ ನಿಂತು ಪಕ್ಕಾಸು (ಮಾಡಿನ ಮರದ ತೊಲೆ) ಕುಂಬಾಗ್ತದೆ.